ಸಂಬಂಧವಿಲ್ಲದ ಇಬ್ಬರು ಬೇಕಾಗಿದ್ದಾರೆ

ಕೈಗೆ ಮೈಕು ಸಿಗದಷ್ಟು ಹೊತ್ತು ಫ್ಲೋರಿಯನ್ ಕೊತಾರಾ ಸಾಧು ಮನುಷ್ಯ. ಇಪ್ಪತ್ತಾರು ವರ್ಷ ಕೌಂಟಿಯ ಮಣ್ಣುರಸ್ತೆಗಳನ್ನು ಯಂತ್ರದಿಂದ ಹೆರೆದು ಸಮ ಮಾಡಿದವನು. ಎದುರಿಗೆ ಕೋಳಿ ಬಂದರೂ ಯಂತ್ರ ನಿಲ್ಲಿಸಿ, ಅದು ದಾಟುವ ತನಕ ಕಾದು, ಆಮೇಲೆ ಹೊರಡುತ್ತಿದ್ದ. ಅಂಥವನ ಕೈಗೆ 1981ರ ಆಗಸ್ಟಿನಲ್ಲಿ, ಟೆಕ್ಸಾಸಿನ ನಮ್ಮ ಯಾದ್ವಿಗಾ ಊರಿನ ಚರ್ಚಿನ ಸಂತೋಷಕೂಟದ ದಿನ, ಫಾದರ್ ವಿನ್ಸೆಂಟ್ ಮೈಕು ಕೊಟ್ಟುಬಿಟ್ಟರು. ಕೊಟ್ಟಿದ್ದು ಲಾಟರಿ ಚೀಟಿ ಎತ್ತಿ ನಂಬರು ಓದಲಿಕ್ಕೆ. ಓದಿದ. ಬಹುಮಾನದ ಹಂದಿತೊಡೆ ಯಾರಿಗೋ ಬಂತು. ಆದರೆ ಮೈಕು ಇನ್ನೂ ಕೈಯಲ್ಲೇ ಇತ್ತು, ಎದುರಿಗೆ ನಾನೂರು ಜನರಿದ್ದರು, ಸಾಲದ್ದಕ್ಕೆ ಅವತ್ತು ಅವನು ಹೊಸ ಬೂಟು ಹಾಕಿದ್ದ.

“ಇನ್ನೊಂದು ಮಾತು,” ಎಂದ. “ನಮ್ಮ ಸಭಾಂಗಣದ ಮಾಡು ತೂತಾಗಿದೆ ಅಂತ ಫಾದರ್ ಮೂರು ವರ್ಷದಿಂದ ಹೇಳ್ತಾನೇ ಇದಾರೆ. ಇನ್ಮೇಲೆ ಹೇಳೋದು ಬೇಡ. ಹೊಸ ಮಾಡು ನನ್ನ ಎಣ್ಣೆಯಿಂದ ಆಗತ್ತೆ.”

ಚಪ್ಪಾಳೆ ಬಿತ್ತು. ಬ್ಯಾಂಡಿನವರು ಒಂದು ಪೋಲ್ಕಾ ಕುಣಿತದ ಧಾಟಿ ಬಾರಿಸಿದರು. ಫಾದರ್ ಕಣ್ಣೊರೆಸಿಕೊಂಡರು. ಫ್ಲೋರಿಯನ್ನನ ಹೆಂಡತಿ ಬೆನಿಟಾ ಮಾತ್ರ ಕೈಯಲ್ಲಿದ್ದ ಸಾಸೇಜನ್ನು ತಟ್ಟೆಗೆ ವಾಪಸ್ಸಿಟ್ಟಳು.

“ಇಪ್ಪತ್ತೆಂಟು ವರ್ಷದಿಂದ ನನ್ನ ಅಡುಗೆಮನೆ ಕಿಟಕಿಗೆ ಒಂದು ಚಿಲಕ ಹಾಕ್ಸಿಲ್ಲ ಈ ಮನುಷ್ಯ,” ಎಂದು ನನಗೆ ಹೇಳಿದಳು. “ಈಗ ದೇವರ ಮನೆಗೆ ತಗಡು ಹೊದಿಸ್ತಾನಂತೆ. ಆಂಬ್ರೋಸ್, ಎಣ್ಣೆ ಇವನದು ಅಂತ ಯಾರು ಹೇಳಿದ್ದು?”

ಆಂಬ್ರೋಸ್ ಅಂದರೆ ನಾನು. ದನದ ಮೇವಿನ ಅಂಗಡಿ ಇಟ್ಟಿದ್ದೇನೆ. ಊರಿನ ಮಾತೆಲ್ಲ ಮೇವು ಕೊಳ್ಳುವ ನೆಪದಲ್ಲಿ ನನ್ನಲ್ಲಿಗೆ ಬರುತ್ತದೆ, ಹಾಗಾಗಿ ಎಣ್ಣೆಯ ವಿಷಯ ನನಗೆ ಗೊತ್ತಿತ್ತು. ಫ್ಲೋರಿಯನ್ನನ ಅಜ್ಜ ಶಿಮೋನ್ ಕೊತಾರಾ 1926ರಲ್ಲಿ ತನ್ನ ಇನ್ನೂರು ಎಕರೆಯನ್ನು ಹಳ್ಳದಾಚೆಯ ಜರ್ಮನ್ ರೈತ ವೀಡೆನ್‌ಫೆಲ್ಡ್‌ಗೆ ಮಾರಿದ. ಮಾರುವಾಗ ಕ್ರಯಪತ್ರದಲ್ಲಿ ಒಂದು ಸಾಲು ಸೇರಿಸಿದ: ನೆಲ ನಿನ್ನದು, ನೆಲದಡಿ ಇರುವುದು ನನ್ನದು. ನಮ್ಮ ಟೆಕ್ಸಾಸಿನಲ್ಲಿ ಹೀಗೆ ನಡೆಯುತ್ತದೆ. ಮೇಲೊಬ್ಬ ಒಡೆಯ, ಕೆಳಗೊಬ್ಬ ಒಡೆಯ. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಮನೆಯ ಎರಡು ಅಂತಸ್ತಿನಲ್ಲಿ ಸಂಸಾರ ಹೂಡಿದ ಹಾಗೆ. ಐವತ್ತೈದು ವರ್ಷ ಆ ನೆಲದಡಿ ಇದ್ದದ್ದು ಕಲ್ಲು ಎಂದೇ ಎಲ್ಲರೂ ತಿಳಿದಿದ್ದರು. ಆ ವರ್ಷದ ವಸಂತದಲ್ಲಿ ಎಣ್ಣೆ ಕಂಪನಿಯವರು ಬಾವಿ ಕೊರೆದರು, ಕಚ್ಚಾ ಎಣ್ಣೆ ಬಂತು. ಶಿಮೋನನ ಮಗ ಇಗ್ನಾಸಿ, ಇಗ್ನಾಸಿಯ ಒಬ್ಬನೇ ಮಗ ಫ್ಲೋರಿಯನ್. ಗೀಟೆಳೆದಷ್ಟು ನೇರ. ಕನಿಷ್ಠಪಕ್ಷ ಫ್ಲೋರಿಯನ್ನನಿಗೆ ಹಾಗೆ ಕಂಡಿತ್ತು.

ಫಾದರಿಗೂ ಹಾಗೆಯೇ ಕಂಡಿರಬೇಕು. ಸೋಮವಾರ ಬೆಳಿಗ್ಗೆಯೇ ಹತ್ತು ಜನರನ್ನು ಏಣಿ ಹತ್ತಿಸಿ ಹಳೆಯ ಮಾಡನ್ನು ಕಿತ್ತುಹಾಕಿಸಿದರು. ಫ್ಲೋರಿಯನ್ ಹೋಗಿ ನೋಡುವಷ್ಟರಲ್ಲಿ ಸಭಾಂಗಣದ ಒಳಗೆ ನಿಂತರೆ ಹದ್ದು ಕಾಣುತ್ತಿತ್ತು.

“ಇಷ್ಟು ಬೇಗ ಯಾಕೆ ಫಾದರ್?”

“ಕೊತಾರಾ ಮಾತು ಕೊಟ್ಟ ಮೇಲೆ ಕಾಯೋದೇನಪ್ಪ,” ಎಂದರು ಫಾದರ್. “ನವೆಂಬರಿನ ಟರ್ಕಿಕೋಳಿ ಊಟಕ್ಕೆ ಎಂಟುನೂರು ಜನ ಬರ್ತಾರೆ. ಆ ಊಟದ ಕಾಸಲ್ಲೇ ಚರ್ಚು ವರ್ಷಪೂರ್ತಿ ನಡೆಯೋದು. ಅಷ್ಟರೊಳಗೆ ಮಾಡು ಹೊದಿಸಿಬಿಡು.”

ಫ್ಲೋರಿಯನ್ ಟೋಪಿ ತೆಗೆದು, ತಲೆ ಕೆರೆದು, ಟೋಪಿ ಹಾಕಿಕೊಂಡ. “ಹೊದಿಸ್ತೀನಿ,” ಎಂದ. ಅವನನ್ನು ನೀವು ಏನು ಬೇಕಾದರೂ ಅನ್ನಿ. ಆಡಿದ್ದನ್ನು ಬಿಡುವವನಲ್ಲ.

*

ಕಂಪನಿಯವರು ಹಕ್ಕುಪತ್ರ ಹುಡುಕಲಿಕ್ಕೆಂದು ಹ್ಯೂಸ್ಟನ್ನಿನಿಂದ ಕಳಿಸಿದ್ದ ಹೆಂಗಸಿನ ಹೆಸರು ಕಾರ್ಲಾ ಡುಪ್ರೀ. ಕೌಂಟಿ ಕಚೇರಿಯ ದಾಖಲೆ ಕೋಣೆಯಲ್ಲಿ, ಕಬ್ಬಿಣದ ಹಲಗೆಯಷ್ಟು ಭಾರದ ಪುಸ್ತಕಗಳ ನಡುವೆ ಕೂತಿದ್ದಳು. ಫ್ಲೋರಿಯನ್ನನನ್ನು ನನ್ನ ಗಾಡಿಯಲ್ಲೇ ಕರೆದೊಯ್ದಿದ್ದೆ.

“ಮಿಸ್ಟರ್ ಕೊತಾರಾ, 1926ರಲ್ಲಿ ಶಿಮೋನ್ ಕೊತಾರಾ ಅಂತ ಒಂದು ಹೆಸರಿದೆ,” ಎಂದಳು. “ಅಲ್ಲಿಂದ ಈಚೆಗೆ ಐವತ್ತೈದು ವರ್ಷ ಈ ಪುಸ್ತಕಗಳಲ್ಲಿ ಯಾರೂ ಇಲ್ಲ.”

“ನಾನಿದೀನಲ್ಲ ಮೇಡಂ.”

“ನೀವು ಕುರ್ಚಿ ಮೇಲಿದೀರಿ. ಪುಸ್ತಕದಲ್ಲಿಲ್ಲ. ನಿಮ್ಮ ತಾತ ವಿಲ್ ಬರೆದಿದ್ರಾ?”

“ವಿಲ್ ಯಾಕೆ? ನಮ್ಮಲ್ಲಿ ಪದ್ಧತಿ ಇದೆ.” ಫ್ಲೋರಿಯನ್ ಮುಂದಕ್ಕೆ ಬಗ್ಗಿದ. ಪರದೇಶದವರಿಗೆ ತಿಳಿಸಿ ಹೇಳುವ ತಾಳ್ಮೆ ಅವನ ಮುಖದಲ್ಲಿ ಮೂಡಿತು. “ಕೊನೇಲಿ ಹುಟ್ಟಿದವರು ಮನೇಲಿ ಉಳೀತಾರೆ. ಅಪ್ಪ ಅಮ್ಮನ್ನ ಸಾಯೋ ಗಂಟ ನೋಡ್ಕೋತಾರೆ. ಮನೆ, ನೆಲ, ನೆಲದಡಿ ಎಲ್ಲಾ ಅವರದು. ಉಳಿದವರಿಗೆ ಮದುವೇಲಿ ಒಂದು ಹಸು, ಬಾತಿನ ಪುಕ್ಕ ತುಂಬಿದ ಒಂದು ರಜಾಯಿ. ಹಸು ಗೇಟು ದಾಟ್ತು ಅಂದ್ರೆ ಲೆಕ್ಕ ಚುಕ್ತಾ. ನಮ್ಮಪ್ಪ ಇಗ್ನಾಸಿ ಕೊನೆಯವನು. ಉಳಿದ ಒಂಬತ್ತು ಜನಕ್ಕೂ ಹಸು ಹೋಗಿದೆ.”

“ಇದನ್ನ ಎಲ್ಲಿ ಬರೆದಿದೆ?”

“ಬರೆಯೋದೇನು ಬಂತು ಮೇಡಂ. ಹಸು ಹೋಗಿದ್ದನ್ನ ಊರೇ ನೋಡಿದೆ.”

“ಟೆಕ್ಸಾಸ್ ಕಾನೂನಿಗೆ ಹಸು ಕಾಣ್ಸಲ್ಲ,” ಎಂದಳು ಕಾರ್ಲಾ. ಕೆಟ್ಟ ದನಿಯಲ್ಲಲ್ಲ. ಇಂಥ ಹಸುಗಳನ್ನು ಅವಳು ಬೇಕಾದಷ್ಟು ಕಂಡಿದ್ದಳೆಂದು ತೋರುತ್ತದೆ. “ನನಗೆ ಅಫಿಡವಿಟ್ಟು ಬೇಕು. ನಿಮ್ಮ ತಾತನನ್ನ, ಅವರ ಸಂಸಾರನ ಕಣ್ಣಾರೆ ಬಲ್ಲ ಇಬ್ಬರು, ನೋಟರಿ ಮುಂದೆ ಪ್ರಮಾಣ ಮಾಡಿ ಹೇಳ್ಬೇಕು: ಎಷ್ಟು ಮದುವೆ, ಎಷ್ಟು ಮಕ್ಕಳು, ಯಾರಿದಾರೆ, ಯಾರಿಲ್ಲ. ಆದ್ರೆ ಆ ಇಬ್ಬರು ನಿಮ್ಮ ನೆಂಟರಾಗಿರ್ಬಾರದು. ಈ ಎಣ್ಣೆಯಿಂದ ಅವರಿಗೆ ಕಾಸಿನ ಲಾಭ ಇರ್ಬಾರದು. ಅದಾಗೋ ತನಕ ಕಂಪನಿ ಹಣ ತಡೆಹಿಡಿದಿರತ್ತೆ.”

“ಇಬ್ಬರೇ ಸಾಕಾ?” ಫ್ಲೋರಿಯನ್ ನಕ್ಕುಬಿಟ್ಟ. “ನಾಳೆ ಮಧ್ಯಾಹ್ನಕ್ಕೆ ಕರ್ಕೊಂಡ್ಬರ್ತೀನಿ.”

ಆ ನಗುವನ್ನು ನೆನೆದರೆ ನನಗೆ ಈಗಲೂ ಅಯ್ಯೋ ಅನ್ನಿಸುತ್ತದೆ. ನಮ್ಮ ಹಿರಿಯರು ಪೋಲೆಂಡಿನ ಕಡೆಯ ಸಿಲೇಸಿಯಾದಿಂದ ಒಂದೇ ಹಡಗಿನಲ್ಲಿ ಬಂದವರು. ಇಳಿದಾಗ ಒಂಬತ್ತು ಮನೆತನ. ಆಮೇಲೆ ನೂರಿಪ್ಪತ್ತೈದು ವರ್ಷ ಹೊರಗಿನಿಂದ ಹೆಣ್ಣು ತರಲಿಲ್ಲ, ಹೊರಕ್ಕೆ ಹೆಣ್ಣು ಕೊಡಲಿಲ್ಲ. ಯಾದ್ವಿಗಾದಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಅದು ನೆಂಟನಿಗೆ ತಾಕುತ್ತದೆ, ಎಸೆದವನೂ ಅವನ ನೆಂಟನೇ ಆಗಿರುತ್ತಾನೆ.

*

ಮೊದಲು ಹೋದದ್ದು ಪೆಲಾಗಿಯಕ್ಕನ ಮನೆಗೆ. ಎಪ್ಪತ್ಮೂರು ವರ್ಷದ ಮುದುಕಿ, ಜಗಲಿಯ ಮೇಲೆ ಕೂತು ಪೆಕಾನ್ ಕಾಯಿ ಒಡೆಯುತ್ತಿದ್ದಳು. ಶಿಮೋನನ ದೊಡ್ಡ ಮಗಳು ಅಗಾತಾಳ ಮಗಳು. ಅವಳು ನೆಂಟಳು ಎಂದು ನಾನು ದಾರಿಯಲ್ಲೇ ಹೇಳಿದ್ದೆ. “ನೆಂಟಳಲ್ಲ ಕಣೋ, ಹಸು ತಗೊಂಡವಳ ಮಗಳು. ಲೆಕ್ಕ ಚುಕ್ತಾ ಆದವರು ಹೇಗೆ ನೆಂಟರಾಗ್ತಾರೆ,” ಎಂದಿದ್ದ ಫ್ಲೋರಿಯನ್.

“ಪೆಲಾಗಿಯಕ್ಕ, ನಿಮ್ಮಮ್ಮನಿಗೆ ಮದುವೇಲಿ ತಾತ ಹಸು ಕೊಟ್ಟಿದ್ದು ಗೊತ್ತಲ್ವಾ?”

“ನಾನು ಹುಟ್ಟೋಕೆ ಮುಂಚಿನ ಹಸು,” ಎಂದಳು ಮುದುಕಿ. “ಆದ್ರೂ ಚೆನ್ನಾಗಿ ನೆನಪಿದೆ.”

“ಅಷ್ಟನ್ನ ನೋಟರಿ ಮುಂದೆ ಹೇಳಿದ್ರೆ ಸಾಕು.”

“ಅಷ್ಟನ್ನೇ ಹೇಳ್ಲೋ, ಪೂರ್ತಿ ಹೇಳ್ಲೋ? ಆ ಹಸು ಬತ್ತಿತ್ತು. ಮೂರನೇ ತಿಂಗಳಿಗೆ ಸತ್ತೋಯ್ತು. ಇನ್ನೊಂದು ಕಳಿಸ್ತೀನಿ ಅಂದ ನಿಮ್ಮ ತಾತ. ನಮ್ಮಮ್ಮ ಬೇಲಿ ಹತ್ರ ನಿಂತು ದಾರಿ ನೋಡಿದ್ದೇ ಬಂತು. ಅವಳು ಸತ್ಲು, ಹಸು ಬರ್ಲಿಲ್ಲ.” ಮುದುಕಿ ಒಂದು ಕಾಯಿಯನ್ನು ಟಪ್ಪೆಂದು ಒಡೆದಳು. “ಅಂದ್ಮೇಲೆ ನಮ್ಮ ಲೆಕ್ಕ ಚುಕ್ತಾ ಆಗಿಲ್ಲ. ಆ ಬಾವೀಲಿ ನಮ್ಮದೂ ಇದೆ. ಆ ಕಂಪನಿ ಹೆಂಗಸಿನ ಫೋನ್ ನಂಬರು ಇದ್ಯಾ ನಿನ್ನ ಹತ್ರ?”

ಪಾಪ, ನಂಬರು ಇವನೇ ಬರೆದುಕೊಟ್ಟ.

ಶನಿವಾರದ ಹೊತ್ತಿಗೆ ನನ್ನ ಅಂಗಡಿಯಲ್ಲಿ ಮೇವು ಕೇಳುವವರೇ ಇಲ್ಲ. ಎಲ್ಲರೂ ಖಾಲಿ ಚೀಲ ಕೇಳುತ್ತಿದ್ದರು, ಅದರ ಹಿಂಭಾಗದಲ್ಲಿ ವಂಶವೃಕ್ಷ ಬರೆಯಲಿಕ್ಕೆ. ಅರ್ಧ ಶತಮಾನ ಮಣ್ಣಿನಡಿ ಮಲಗಿದ್ದ ಹಸುಗಳೆಲ್ಲ ಎದ್ದು ಬಂದವು. ಕ್ಷೌರದ ಅಂಗಡಿಯ ಲೆಯೋನನ ಅಜ್ಜಿಗೆ ಕೊಟ್ಟ ಹಸುವಿಗೆ ಒಂದೇ ಕೊಂಬು. ಇನ್ನೊಬ್ಬರಿಗೆ ಹಸುವೆಂದು ಹೇಳಿ ಕಳಿಸಿದ್ದು ಎತ್ತು. ಮತ್ತೊಬ್ಬರ ರಜಾಯಿಯಲ್ಲಿ ಪುಕ್ಕದ ಬದಲು ಹುಲ್ಲು. ನಾನು ಗಲ್ಲಾದ ಹಿಂದೆ ನಿಂತು, ಮನುಷ್ಯನ ಆಸೆಗೆ ಕೊನೆಯೆಲ್ಲಿ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದೆ. ಅಷ್ಟರಲ್ಲಿ ಕಾರ್ಲಾ ಬಂದಳು.

“ನಿಮ್ಮ ತಾಯಿಯ ತಾಯಿ ಯಾರು?” ಎಂದು ನನ್ನನ್ನೇ ಕೇಳಿದಳು.

“ಮಾರ್ತಾ. ಶಿಮೋನನ ಮೂರನೇ ಮಗಳು.”

“ಹಾಗಾದ್ರೆ ನೀವೂ ಒಬ್ಬರು,” ಎಂದು ಪಟ್ಟಿಯಲ್ಲಿ ಬರೆದುಕೊಂಡಳು.

ಓದುಗರು ದಯವಿಟ್ಟು ಗಮನಿಸಬೇಕು: ಇಲ್ಲಿಂದ ಮುಂದಕ್ಕೆ ಈ ಕಥೆ ಹೇಳುವವನಿಗೂ ಬಾವಿಯಲ್ಲಿ ಪಾಲಿದೆ. ನಮ್ಮಜ್ಜಿಯ ಹಸುವಿನ ಕಾಲೊಂದು ಕುಂಟಿತ್ತೆಂದು ನನಗೆ ಅವತ್ತೇ ಮಧ್ಯಾಹ್ನ ನೆನಪಾಯಿತು.

ವಾರಸುದಾರರು ಎಂಬತ್ತಮೂರಕ್ಕೆ ನಿಂತರು. ಫ್ಲೋರಿಯನ್ನನ ಪಾಲು ಇಡೀ ಬಾವಿಯಿಂದ ಹತ್ತರಲ್ಲಿ ಒಂದಕ್ಕೆ ಇಳಿಯಿತು. ಆದರೂ ಎದೆಗುಂದಲಿಲ್ಲ. “ಪಾಲು ಹೋದ್ರೆ ಹೋಗ್ಲಿ, ನೆಂಟರಲ್ಲದ ಇಬ್ಬರು ಸಿಕ್ರೆ ಮಾಡು ಆಗತ್ತೆ,” ಎಂದು ಊರಿನ ಆರುನೂರ ಹನ್ನೆರಡು ಜನರ ಹೆಸರು ಬರೆದು ಒಂದೊಂದನ್ನೇ ಹೊಡೆದುಹಾಕುತ್ತ ಹೋದ. ಕೊನೆಗೆ ಹದಿನೇಳು ಹೆಸರು ಉಳಿದವು. ಪಟ್ಟಿಯನ್ನು ಗೆದ್ದವನಂತೆ ಕಾರ್ಲಾಳ ಮುಂದಿಟ್ಟ.

“ಇವರು ಯಾವ ಚರ್ಚಿಗೆ ಹೋಗೋದು?”

“ನಮ್ಮ ಚರ್ಚಿಗೇ. ಇನ್ಯಾವುದಕ್ಕೆ?”

“ಅವರ ಚರ್ಚಿಗೆ ಈ ಎಣ್ಣೆಯಿಂದ ಮಾಡು ಹಾಕಿಸ್ತೀನಿ ಅಂತ ನೀವೇ ಮಾತು ಕೊಟ್ಟಿದೀರಿ. ಅವರಿಗೆ ಲಾಭ ಇದೆ ಮಿಸ್ಟರ್ ಕೊತಾರಾ. ನಿಮ್ಮ ಧರ್ಮ ನಿಮ್ಮ ಸಾಕ್ಷಿಗಳನ್ನ ತಿಂದುಬಿಡ್ತು.”

ಫ್ಲೋರಿಯನ್ ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಅವತ್ತು ಸಂಜೆ ನನ್ನ ಅಂಗಡಿಯ ಬಾಗಿಲಲ್ಲಿ ಒಂದು ಹಲಗೆ ತೂಗುಹಾಕಿದ: “ಬೇಕಾಗಿದ್ದಾರೆ: ಶಿಮೋನ್ ಕೊತಾರಾನನ್ನು ಬಲ್ಲ, ಅವನಿಗೆ ಏನೂ ಆಗಬೇಕಾಗಿಲ್ಲದ ಇಬ್ಬರು.” ಮೂವರು ಬಂದು ವಿಚಾರಿಸಿದರು. ಮೂವರೂ ತಮ್ಮ ಪಾಲೆಷ್ಟು ಎಂದು ಕೇಳಿದರು.

ಇಷ್ಟರಲ್ಲಿ ಫಾದರ್ ಒಂದು ಭಾನುವಾರದ ಪ್ರವಚನದಲ್ಲಿ, ತುಂಬ ಮೃದುವಾಗಿ, ಒಂದು ವಿಷಯ ಹೇಳಿದರು. “ಶಿಮೋನನ ಎಣ್ಣೆಯಿಂದ ಮಾಡು ಅಂತ ಈ ಊರು ದೇವರಿಗೆ ಮಾತು ಕೊಟ್ಟಿದೆ. ಎಣ್ಣೆ ಯಾರದ್ದೋ ಮಾತೂ ಅವರದ್ದೇ. ಎಂಬತ್ತಮೂರು ಜನರಿಗೆ ಧನ್ಯವಾದ.”

ಸೋಮವಾರ ನನ್ನ ಅಂಗಡಿಯಲ್ಲಿ ಹಸುಗಳ ಆರೋಗ್ಯ ಏಕಾಏಕಿ ಸುಧಾರಿಸಿತು.

“ವಿಚಾರಿಸಿದೆ ಕಣೋ, ನಮ್ಮಜ್ಜಿ ಹಸುಗೆ ಎರಡು ಕೊಂಬೂ ಇತ್ತಂತೆ,” ಎಂದ ಲೆಯೋನ್.

“ನಮ್ಮದು ಬತ್ತಿತ್ತು ಅಂದ್ನಾ ನಾನು?” ಎಂದಳು ಪೆಲಾಗಿಯಕ್ಕ. “ಬೆಳಿಗ್ಗೆ ನಾಲ್ಕು ಸೇರು ಕರೀತಿತ್ತು. ಪಾಪ, ಫ್ಲೋರಿಯನ್ನೇ ಇಟ್ಕೊಳ್ಳಲಿ.”

ಆದರೆ ಕಾರ್ಲಾಳ ಪೆನ್ನು ಹಿಂದಕ್ಕೆ ಹೋಗುವಂಥದ್ದಲ್ಲ. ವಾರಸುದಾರ ಒಮ್ಮೆ ವಾರಸುದಾರನಾದರೆ ಆದ ಹಾಗೆಯೇ. ಇನ್ನು ಫ್ಲೋರಿಯನ್ ಮನೆಮನೆ ತಿರುಗಿ, ಮೊದಲ ತಿಂಗಳ ಹಣ ಮಾಡಿಗೆ ಎಂದು ಒಬ್ಬೊಬ್ಬರಿಂದಲೇ ಸಹಿ ಹಾಕಿಸಿಕೊಂಡ. ಮೊದಲ ಸಹಿ ಅವನದೇ. ಪೆಲಾಗಿಯಕ್ಕ ಆರು ಸಲ ಬಾಗಿಲು ಮುಚ್ಚಿದಳು. ಏಳನೆಯ ಸಲ ಇವನು ಊಟದ ಡಬ್ಬಿ ತಂದು ಜಗಲಿಯ ಮೇಲೆ ಕೂತ. “ಇಲ್ಲೇ ವಾಸ ಮಾಡ್ತೀಯೇನೋ?” ಎಂದು ಬೈದು ಸಹಿ ಹಾಕಿದಳು.

*

ಮೊದಲ ಸಾಕ್ಷಿಯನ್ನು ಹುಡುಕಿದವಳು ಬೆನಿಟಾ. “ನಮ್ಮೋರು ಸತ್ರೆ ಮಣ್ಣು ಮಾಡೋರು ಯಾರು? ಪಕ್ಕದೂರಿನ ಲ್ಯಾಸಿಟರ್. ಬ್ಯಾಪ್ಟಿಸ್ಟ್ ಮನುಷ್ಯ, ನೆಂಟನೂ ಅಲ್ಲ, ನಮ್ಮ ಚರ್ಚೂ ಅಲ್ಲ. ಇಷ್ಟು ಹೊಳೀಲಿಲ್ವಾ ನಿಮ್ಮಿಬ್ಬರಿಗೂ?”

ಲ್ಯಾಸಿಟರ್‌ಗೆ ಎಂಬತ್ತೊಂದು ವರ್ಷ. ತಂದೆಯ ಕಾಲದಿಂದ ಶವಸಂಸ್ಕಾರದ್ದೇ ವ್ಯಾಪಾರ. ಮಾತಾಡುವಾಗ ಎದುರಿಗಿದ್ದವರ ಉದ್ದವನ್ನು ಕಣ್ಣಲ್ಲೇ ಅಳೆಯುತ್ತಿದ್ದ.

“ಶಿಮೋನ್ ಕೊತಾರಾ. ಆರಡಿ ಎರಡಂಗುಲ. 1934, ಫೆಬ್ರವರಿ,” ಎಂದ. “ಒಂದೇ ಮದುವೆ. ಹೆಂಡತಿ ಮೊದಲೇ ಹೋಗಿದ್ಲು, ಅವಳು ಐದಡಿ. ಮುಂದಿನ ಬೆಂಚಲ್ಲಿ ಮಕ್ಕಳು ಹತ್ತು ಜನ ಕೂತಿದ್ರು, ನಾನೇ ಕೂರಿಸಿದ್ದು. ಕೂತವರನ್ನ ಎಣಿಸೋದು ನಮ್ಮ ಕಸುಬು. ಕೊಡಿ, ಸಹಿ ಮಾಡ್ತೀನಿ. ನೀವು ಐದಡಿ ಒಂಬತ್ತಲ್ವಾ?”

“ಎಂಟೂವರೆ,” ಎಂದ ಫ್ಲೋರಿಯನ್.

“ಮಲಗಿದ್ರೆ ಒಂಬತ್ತಾಗ್ತೀರಿ.”

ಒಂದು ಸಹಿಯಾಯಿತು. ನವೆಂಬರ್ ಹತ್ತಿರ ಬರುತ್ತಿತ್ತು. ತಗಡಿನ ವ್ಯಾಪಾರಿ ಲಾರಿ ತುಂಬಿಟ್ಟುಕೊಂಡು, ಕಾಗದಕ್ಕೆ ಎರಡನೆಯ ಸಹಿ, ಮೊಹರು ಬೀಳದೆ ಒಂದು ಹಾಳೆಯನ್ನೂ ಇಳಿಸುವುದಿಲ್ಲ ಎಂದು ಕೂತಿದ್ದ. ಶಿಮೋನನನ್ನು ಕಂಡಿದ್ದು, ನೆಂಟನಲ್ಲದೆ, ನಮ್ಮ ಚರ್ಚಿನವನೂ ಅಲ್ಲದೆ, ಇನ್ನೂ ಬದುಕಿದ್ದವನು ಇಡೀ ಕೌಂಟಿಯಲ್ಲಿ ಇನ್ನೊಬ್ಬನೇ. ಅವನ ಹೆಸರನ್ನು ನಾವು ಮೂರು ವಾರದಿಂದ ಬಾಯಿಬಿಟ್ಟು ಹೇಳಿರಲಿಲ್ಲ.

ಒಟ್ಟೊ ವೀಡೆನ್‌ಫೆಲ್ಡ್. ಆ ಇನ್ನೂರು ಎಕರೆಯ ಮೇಲಿನ ಅಂತಸ್ತಿನ ಒಡೆಯ. ಇವನ ಅಪ್ಪ ಕ್ರಯಪತ್ರದ ಆ ಒಂದು ಸಾಲನ್ನು ಓದದೆ ಸಹಿ ಮಾಡಿದ್ದ. ತಿಳಿದ ದಿನದಿಂದ ವೀಡೆನ್‌ಫೆಲ್ಡರು ಕೊತಾರಾಗಳ ಜೊತೆ ಮಾತು ಬಿಟ್ಟಿದ್ದರು. ಈಗ ಕಂಪನಿಯ ಲಾರಿಗಳು ಒಟ್ಟೊನ ಕಡಲೆಕಾಯಿ ಹೊಲದ ಮೇಲೆ ಹಗಲೆಲ್ಲ ಓಡಾಡುತ್ತಿದ್ದವು. ಎಣ್ಣೆ ಕೊತಾರಾಗಳಿಗೆ, ಧೂಳು ಅವನಿಗೆ.

ಗೇಟಿನ ಆಚೆ ನಿಂತಿದ್ದ. ಎಪ್ಪತ್ತೈದು ವರ್ಷ, ಮದುವೆಯಾಗದವನು, ಗಳುವಿನ ಹಾಗೆ ನೆಟ್ಟಗೆ.

“ಕೊತಾರಾಗಳ ಜೊತೆ ನಾವು ಮಾತಾಡಲ್ಲ.”

“ಈಗ ಮಾತಾಡಿದ್ರಲ್ಲ,” ಎಂದ ಫ್ಲೋರಿಯನ್.

“ಇದು ಮಾತಲ್ಲ. ಸೂಚನೆ.”

ಫ್ಲೋರಿಯನ್ ಕಾಗದವನ್ನು ಗೇಟಿನ ಕಂಬದ ಮೇಲಿಟ್ಟ. ಮಾಡು, ಮಾತು, ಹಸು ಎಲ್ಲವನ್ನೂ ಒಪ್ಪಿಸಿದ. ಕೊನೆಗೆ, “ನಿಮಗೆ ನಮ್ಮಿಂದ ನಯಾಪೈಸೆ ಲಾಭ ಇಲ್ಲ, ಇನ್ನು ಆಗೋದೂ ಇಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ,” ಎಂದ. ಇಷ್ಟು ಪ್ರಾಮಾಣಿಕವಾದ ಕೋರಿಕೆಯನ್ನು ನಾನು ಬೇರೆ ಕೇಳಿಲ್ಲ.

ಒಟ್ಟೊ ಕನ್ನಡಕ ಹಾಕಿಕೊಂಡು ಓದಿದ. ಅಪ್ಪ ಓದದೆ ಕೆಟ್ಟಿದ್ದರಿಂದ ಮಗ ಬೆಂಕಿಪೊಟ್ಟಣದ ಚೀಟಿಯನ್ನೂ ಪೂರ್ತಿ ಓದುವವನಾಗಿದ್ದ.

“ಹತ್ತಲ್ಲ. ಹನ್ನೊಂದು,” ಎಂದ.

“ಏನು ಹನ್ನೊಂದು?”

“ಮಕ್ಕಳು. ಇಗ್ನಾಸಿ ಆದ್ಮೇಲೆ ಒಬ್ಬಳು ಹುಟ್ಟಿದ್ಲು. ತೆಯೋಫಿಲಾ. ಮುದುಕ ಹಾಸಿಗೆ ಹಿಡಿದಾಗ ಇಗ್ನಾಸಿ ಬೇರೆ ಮನೆ ಮಾಡಿದ್ದ. ಆರು ವರ್ಷ ಆ ಮುದುಕನ್ನ ಎತ್ತಿ ಇಳಿಸಿ, ಮೈ ಒರೆಸಿ, ಬೈಸ್ಕೊಂಡು ನೋಡ್ಕೊಂಡಿದ್ದು ಅವಳು. ಹೆಣ ಎತ್ತಿದ ವಾರಕ್ಕೇ ನಿಮ್ಮಪ್ಪ ಅಮ್ಮ ಬಂದು ಮನೆ ನಮ್ಮದು ಅಂದ್ರು. ಕೈಗೆ ಒಂದು ರಜಾಯಿ ಕೊಟ್ಟು ಕಳಿಸಿದ್ರು. ಹಸು ಎಲ್ಲಿ ಅಂದ್ರೆ, ರೈಲಿಗೆ ಹಸು ಹತ್ತಲ್ಲ ಅಂದ್ರಂತೆ. ಸ್ಟೇಷನ್ನಿಗೆ ನನ್ನ ಗಾಡೀಲೇ ಬಿಟ್ಟು ಬಂದೆ.”

“ಲ್ಯಾಸಿಟರ್ ಹತ್ತು ಎಣಿಸಿದಾರೆ,” ಎಂದ ಫ್ಲೋರಿಯನ್ ಮೆಲ್ಲಗೆ.

“ಬೆಂಚು ಎಣಿಸಿದಾನೆ. ಅವಳು ಅಡುಗೆಮನೇಲಿದ್ಲು. ಬಂದ ನೂರು ಜನಕ್ಕೆ ಶಾವಿಗೆ ಸಾರು ಮಾಡೋರು ಯಾರು?”

ನಾನು ಫ್ಲೋರಿಯನ್ನನ ಮುಖ ನೋಡಲಿಲ್ಲ. ಎರಡು ತಿಂಗಳಿಂದ ಅವನು ಊರಿಗೆಲ್ಲ ಸಾರಿದ್ದು ಒಂದೇ ಪದ್ಧತಿ: ಕೊನೆಯದಾಗಿ ಹುಟ್ಟಿದ್ದು ಯಾರೋ, ಮುದುಕನನ್ನು ನೋಡಿಕೊಂಡಿದ್ದು ಯಾರೋ, ಎಲ್ಲವೂ ಅವರದು. ಆ ಪದ್ಧತಿ ಈಗ ಗೇಟಿನ ಕಂಬದ ಮೇಲೆ ಕೂತು ಅವನನ್ನೇ ನೋಡುತ್ತಿತ್ತು.

“ಹನ್ನೊಂದು ಅಂತ ಬರಿ,” ಎಂದ ಒಟ್ಟೊ. “ಅವಳನ್ನ ಕರ್ಕೊಂಡ್ಬಾ. ಯಾರು ನೋಡ್ಕೊಂಡ್ರು ಅನ್ನೋದನ್ನ ನಿಮ್ಮೂರ ಮುಂದೆ ನೀನೇ ಬಾಯಿಬಿಟ್ಟು ಹೇಳು. ಆಮೇಲೆ ಸಹಿ. ಒಂದು ಹೆಸರು ಬಿಟ್ಟಿರೋ ಕಾಗದಕ್ಕೆ ವೀಡೆನ್‌ಫೆಲ್ಡ್ ಸಹಿ ಹಾಕಲ್ಲ.”

“ಅವರು ಎಲ್ಲಿದಾರೋ ಏನೋ. ಬದುಕಿದಾರೋ ಇಲ್ವೋ.”

“ಅದೆಲ್ಲ ನನಗೇನು ಗೊತ್ತು,” ಎಂದ ಒಟ್ಟೊ. ಆಮೇಲೆ ಬೇಲಿಯ ಕಡೆ ತಿರುಗಿ ಸ್ಯಾನ್ ಆಂಟೋನಿಯೋದ ಒಂದು ವಿಳಾಸವನ್ನು, ಮನೆ ನಂಬರು, ಬೀದಿ, ಅಂಚೆ ಸಂಖ್ಯೆ ಸಮೇತ ಒಂದೇ ಉಸಿರಿಗೆ ಹೇಳಿದ.

ಹಿಂದಿರುಗುವಾಗ ಪೆಲಾಗಿಯಕ್ಕನ ಮನೆ ಮುಂದೆ ಗಾಡಿ ನಿಲ್ಲಿಸಿದೆ. “ತೆಯೋಫಿಲಾ ಅಂತ ಒಬ್ಬಳಿದ್ಲಾ?”

“ಇದ್ಲಲ್ಲ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು.”

“ಹೇಳ್ಲೇ ಇಲ್ವಲ್ಲ ನೀನು.”

“ನೀವು ಹಸು ಕೇಳಿದ್ರಿ,” ಎಂದಳು. “ಅವಳಿಗೆ ಹಸು ಕೊಟ್ಟೇ ಇರ್ಲಿಲ್ಲ.”

ಫ್ಲೋರಿಯನ್ ಇಳಿಯಲೇ ಇಲ್ಲ. “ಗಾಡಿ ತಿರುಗಿಸು ಆಂಬ್ರೋಸ್,” ಎಂದ. “ಸ್ಯಾನ್ ಆಂಟೋನಿಯೋ.”

*

ತೆಯೋಫಿಲಾ ಗಂಡನನ್ನು ಕಳೆದುಕೊಂಡು ಹನ್ನೆರಡು ವರ್ಷವಾಗಿತ್ತು. ಎಪ್ಪತ್ತೊಂದರ ವಯಸ್ಸಿನಲ್ಲೂ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಸೌಟು ಹಿಡಿದೇ ಬಾಗಿಲಿಗೆ ಬಂದಳು.

“ಯಾರಪ್ಪ?”

“ಇಗ್ನಾಸಿ ಮಗ, ಅತ್ತೆ. ಫ್ಲೋರಿಯನ್.”

ಅವಳು ಸೌಟನ್ನು ಅವನ ಮೂಗಿನ ಕಡೆ ತೋರಿಸಿದಳು. “ನಾನು ಊರು ಬಿಟ್ಟಾಗ ನಿನಗೆ ಐದು ವರ್ಷ. ಮೂಗು ಸುರಿಸ್ತಿದ್ದೆ. ಕೂತ್ಕೋ, ಊಟ ಮಾಡು.”

ಇವನು ಕೂರಲಿಲ್ಲ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ರಸ್ತೆಯ ವರದಿ ಒಪ್ಪಿಸುವವನ ಹಾಗೆ ಹೇಳಿದ: “ನೆಲದಡಿ ಎಣ್ಣೆ ಸಿಕ್ಕಿದೆ ಅತ್ತೆ. ನಮ್ಮ ಪದ್ಧತಿ ಪ್ರಕಾರ ಎಲ್ಲಾ ನಿಮ್ಮದು. ಟೆಕ್ಸಾಸ್ ಪ್ರಕಾರ ಹನ್ನೊಂದರಲ್ಲಿ ಒಂದು. ಎರಡನ್ನೂ ಹೇಳ್ಬೇಕು ಅಂತ ಬಂದೆ.”

“ನಿನಗೆ ಯಾವುದು ಬೇಕು?”

“ನನಗೆ ಟೆಕ್ಸಾಸ್ ಬೇಕು.”

“ಎರಡು ತಿಂಗಳಿಂದ ಊರಿಗೆಲ್ಲ ಪದ್ಧತಿ ಬೋಧಿಸ್ತಿದ್ದೆ ಅಂತ ಒಟ್ಟೊ ಬರೆದಿದ್ದ.”

“ಬೋಧಿಸ್ತಿದ್ದೆ. ಆಗ ಪದ್ಧತಿ ನನ್ನ ಕಡೆ ಇತ್ತು.”

ಮುದುಕಿ ನಕ್ಕಳು. ನಗುತ್ತಲೇ ಸೌಟನ್ನು ಕೆಳಗಿಟ್ಟಳು. “ನನಗೂ ಟೆಕ್ಸಾಸೇ ಸಾಕು. ಬರ್ತೀನಿ. ಈಗಲೂ ಟರ್ಕಿ ಹೊಟ್ಟೆಗೆ ಮಸಾಲೆ ತುಂಬೋದು ಯಾರು?”

“ಪೆಲಾಗಿಯಕ್ಕ.”

“ಅಯ್ಯೋ ಕರ್ಮವೇ. ಹಾಗಾದ್ರೆ ಹಿಂದಿನ ದಿನವೇ ಬಂದ್ಬಿಡ್ತೀನಿ.”

*

ಊಟದ ದಿನ ಸಭಾಂಗಣಕ್ಕೆ ಇನ್ನೂ ಮಾಡು ಇರಲಿಲ್ಲ. ಹತ್ತಿ ಸಾಗಿಸುವ ಗಾಡಿಗಳ ಟಾರ್ಪಾಲು ಕಟ್ಟಿದ್ದರು. ಎಂಟುನೂರು ಜನರಲ್ಲಿ ಅರ್ಧದಷ್ಟು ಮಂದಿ ಬಂದದ್ದು ಟರ್ಕಿಗಲ್ಲ, ತೆಯೋಫಿಲಾಳನ್ನು ನೋಡಲಿಕ್ಕೆ. ಪದ್ಧತಿ ಎಂದು ಅವಳೊಂದು ಮಾತೆತ್ತಿದರೆ, ಊರಿನ ಲೆಕ್ಕದಲ್ಲಿ, ಎಂಬತ್ತಮೂರು ಎಣ್ಣೆ ಒಡೆಯರು ನಿಂತಲ್ಲೇ ಬಡವರಾಗುತ್ತಿದ್ದರು. ತಗಡಿನ ಲಾರಿ ಬಾಗಿಲ ಮುಂದೆ ನಿಂತಿತ್ತು. ಲ್ಯಾಸಿಟರ್ ಅಡುಗೆಮನೆಯವಳನ್ನು ನೆನಪಿಸಿಕೊಂಡು, ಹನ್ನೊಂದು ಎಂದು ತಿದ್ದಿದ ಕಾಗದಕ್ಕೆ ಮತ್ತೆ ಸಹಿ ಮಾಡಿಕೊಟ್ಟಾಗಿತ್ತು. ಕಾರ್ಲಾ ತನ್ನ ನೋಟರಿ ಮೊಹರನ್ನು ಒಂದು ಮೂಲೆಯ ಮೇಜಿನ ಮೇಲಿಟ್ಟುಕೊಂಡಿದ್ದಳು. ಒಟ್ಟೊ ಹೊಸ್ತಿಲ ಹೊರಗೆ ನಿಂತಿದ್ದ; ಲೂಥರನ್ ಪಂಥದ ವೀಡೆನ್‌ಫೆಲ್ಡ್ ಯಾರೂ ಆ ಸಭಾಂಗಣದೊಳಕ್ಕೆ ಕಾಲಿಟ್ಟಿರಲಿಲ್ಲ.

ಫ್ಲೋರಿಯನ್ ಬೆಂಚಿನ ಮೇಲೆ ಹತ್ತಿದ. ಬೆನಿಟಾ ಅವನ ಕೋಟಿನ ತುದಿ ಹಿಡಿದುಕೊಂಡಳು, ಬೀಳದಿರಲಿ ಎಂದೋ, ಜಾಸ್ತಿ ಮಾತಾಡದಿರಲಿ ಎಂದೋ.

“ನಮ್ಮ ತಾತನ್ನ ಕಡೇ ಆರು ವರ್ಷ ನೋಡ್ಕೊಂಡಿದ್ದು ಈ ತೆಯೋಫಿಲಾ ಅತ್ತೆ,” ಎಂದ. “ನಮ್ಮಪ್ಪ ಅಲ್ಲ. ನಮ್ಮಪ್ಪ ನಾನೇ ನೋಡ್ಕೊಂಡೆ ಅಂತ ಹೇಳ್ದ, ನಾನು ಅದನ್ನೇ ಇಷ್ಟು ವರ್ಷ ಹೇಳ್ಕೊಂಡು ಬಂದೆ. ಅದು ಸುಳ್ಳು. ಮನೇಲಿ ಉಳಿದವಳನ್ನ ಮನೆಯಿಂದ ಕಳಿಸಿದ್ದು ನಾವು. ಅಷ್ಟೇ.”

ಟಾರ್ಪಾಲು ಪಟಪಟ ಅಂದಿತು. ಎಲ್ಲರ ಕಣ್ಣೂ ತೆಯೋಫಿಲಾಳ ಮೇಲೆ. ಅವಳು ತಟ್ಟೆಯಿಂದ ತಲೆಯೆತ್ತಿದಳು.

“ಕೇಳಿಸ್ತು,” ಎಂದಳು. “ಇಳಿ, ಬಿದ್ದೀಯ. ಪೆಲಾಗಿಯಾ, ಇದಕ್ಕೆ ಉಪ್ಪು ಹಾಕಿದೀಯಾ?”

ಎಂಟುನೂರು ಜನ ಒಟ್ಟಿಗೆ ಉಸಿರು ಬಿಟ್ಟರು. ಆಗ ಒಟ್ಟೊ ಹೊಸ್ತಿಲು ದಾಟಿ ಒಳಗೆ ಬಂದ. ಯಾರೋ ಕೈಗೆ ತಟ್ಟೆ ಕೊಟ್ಟರು. ಅವನು ನೇರ ತೆಯೋಫಿಲಾಳ ಹತ್ತಿರ ಹೋಗಿ, ಎದುರಿನ ಕುರ್ಚಿ ಬಿಟ್ಟು ಪಕ್ಕದ ಕುರ್ಚಿ ಎಳೆದುಕೊಂಡ. ಟೋಪಿ ತೆಗೆದ. ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ.

ಇದನ್ನೆಲ್ಲ ನಾನು ಮುದುಕರ ಸೌಜನ್ಯವೆಂದು ನೋಡುತ್ತಿದ್ದೆ. ಕಾರ್ಲಾ ಬೇರೆಯೇ ನೋಡುತ್ತಿದ್ದಳು. ದಡಕ್ಕನೆ ಎದ್ದು ಬಂದು ಫ್ಲೋರಿಯನ್ನನ ತೋಳು ಹಿಡಿದಳು.

“ಮಿಸ್ಟರ್ ಕೊತಾರಾ, ಸಹಿ. ಈಗಲೇ.”

“ಪಾಪ, ಊಟ ಮಾಡ್ಲಿ ಮೇಡಂ. ಐವತ್ತೈದು ವರ್ಷದ ಮುನಿಸು ಬಿಟ್ಟು ಒಳಗೆ ಬಂದಿದಾರೆ.”

“ಆ ಮುದುಕ ಈಗ ಏನೋ ಕೇಳೋಕೆ ಹೊರಟಿದಾನೆ. ಅವನು ಕೇಳಿ, ಆಕೆ ಹೂಂ ಅಂದ್ರೆ, ಹನ್ನೊಂದರಲ್ಲಿ ಒಂದು ಪಾಲು ಅವನ ಮನೆಗೆ ಬರತ್ತೆ. ಆಮೇಲೆ ಈ ಕೌಂಟೀಲಿ ನಮಗೆ ಸಾಕ್ಷಿ ಅನ್ನೋನೇ ಇಲ್ಲ. ಓಡಿ.”

ಫ್ಲೋರಿಯನ್ ಓಡಿದ. ಸಾರಿನ ಪಾತ್ರೆ, ಎರಡು ಬೆಂಚು, ಫಾದರ್ ವಿನ್ಸೆಂಟ್, ಎಲ್ಲವನ್ನೂ ದಾಟಿ ಕಾಗದವನ್ನು ಒಟ್ಟೊನ ತಟ್ಟೆಯ ಪಕ್ಕಕ್ಕೆ ತಂದಿಟ್ಟ.

“ಸ್ವಲ್ಪ ತಡಿ. ಮಾತಾಡ್ತಿದೀನಿ,” ಎಂದ ಒಟ್ಟೊ.

“ಮೊದಲು ಸಹಿ ಮಾವ, ಆಮೇಲೆ ಮಾತು.”

“ಅವರನ್ನ ಮಾವ ಅನ್ಬೇಡಿ,” ಎಂದಳು ಕಾರ್ಲಾ ಹಲ್ಲು ಕಚ್ಚಿ.

ಒಟ್ಟೊ ಕನ್ನಡಕ ಹುಡುಕಿದ. ಎಡಜೇಬು, ಬಲಜೇಬು, ಒಳಜೇಬು. ಸಿಕ್ಕಿತು, ಒರೆಸಿದ, ಹಾಕಿಕೊಂಡ. ಮೊದಲ ಸಾಲಿನಿಂದ ಬೆರಳಿಟ್ಟು ಓದತೊಡಗಿದ. ಅಗಾತಾ. ಯೋಸೆಫ್. ಮಾರ್ತಾ. ಒಂದೊಂದು ಹೆಸರಿಗೂ ತಲೆಯಾಡಿಸುತ್ತಿದ್ದ.

“ಒಟ್ಟೊ,” ಎಂದಳು ತೆಯೋಫಿಲಾ, “ಸ್ಟೇಷನ್ನಲ್ಲಿ ಏನೋ ಕೇಳ್ಬೇಕು ಅಂತಿದ್ದೆ, ರೈಲು ಬಂದ್ಬಿಡ್ತು ಅಂತ ಕಾಗದದಲ್ಲಿ ಬರೆದಿದ್ದೆಯಲ್ಲ, ಏನದು?”

“ಅತ್ತೆ, ನಿಮ್ಮ ದಮ್ಮಯ್ಯ,” ಎಂದ ಫ್ಲೋರಿಯನ್. “ನಲವತ್ತೇಳು ವರ್ಷ ಕಾದಿದೀರಿ. ಇನ್ನೊಂದೇ ಪುಟ.”

ಇಡೀ ಸಭಾಂಗಣ ಎದ್ದು ನಿಂತಿತ್ತು. ಪೆಲಾಗಿಯಕ್ಕ ಬೆಂಚು ಹತ್ತಿದ್ದಳು. ಒಟ್ಟೊನ ಬೆರಳು ಇಗ್ನಾಸಿಯನ್ನು ದಾಟಿ ಹನ್ನೊಂದನೆಯ ಸಾಲಿನ ಮೇಲೆ ನಿಂತಿತು. ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತೇ ಇತ್ತು. ಆಮೇಲೆ ಪೆನ್ನು ತೆಗೆದುಕೊಂಡು, ಪೂರ್ತಿ ಹೆಸರನ್ನು ಒಂದಕ್ಷರ ಬಿಡದೆ ಬರೆದ.

ಕಾರ್ಲಾ ಮೊಹರು ಒತ್ತಿ ಗಡಿಯಾರ ನೋಡಿದಳು. ದಿನಾಂಕದ ಮುಂದೆ ಗಂಟೆಯನ್ನೂ ಬರೆದಳು: ಮಧ್ಯಾಹ್ನ ಎರಡು ನಲವತ್ತು. ಕೌಂಟಿ ಕಚೇರಿಗೆ ಹೋದರೆ ನೀವೂ ನೋಡಬಹುದು. ಗಂಟೆ ನಿಮಿಷ ಬರೆದ ವಾರಸಿನ ಕಾಗದ ಅಲ್ಲಿರುವುದು ಅದೊಂದೇ.

“ಈಗ ಕೇಳಿ,” ಎಂದಳು ಒಟ್ಟೊನಿಗೆ, ಕುರ್ಚಿಯಲ್ಲಿ ಕುಸಿದು.

ಅಷ್ಟರಲ್ಲಿ ಫಾದರ್ ಬಾಗಿಲಿಗೆ ಹೋಗಿ ಲಾರಿಯವನಿಗೆ ಕೈ ಬೀಸಿದ್ದರು. ಇನ್ನೂರು ತಗಡಿನ ಹಾಳೆಗಳು ಧಡಧಡನೆ ಇಳಿಯತೊಡಗಿದವು. ಆ ಸದ್ದಿನಲ್ಲಿ ಒಟ್ಟೊ ಕೇಳಿದ್ದೂ ನಮಗೆ ಕೇಳಿಸಲಿಲ್ಲ, ತೆಯೋಫಿಲಾ ಹೇಳಿದ್ದೂ ಕೇಳಿಸಲಿಲ್ಲ. ಅವಳು ತನ್ನ ತಟ್ಟೆಯಲ್ಲಿದ್ದ ಟರ್ಕಿಯ ಒಳ್ಳೆಯ ತುಂಡನ್ನು ಎತ್ತಿ ಅವನ ತಟ್ಟೆಗೆ ಹಾಕಿದ್ದು ಮಾತ್ರ ಎಂಟುನೂರು ಜನರಿಗೂ ಕಂಡಿತು.